ತುಂಬಿದ ಬ್ಲಾಡರ್ ಮತ್ತು ಗ್ಲಾಸ್ಗೋದ ಡಾಕ್ಟರ್

ಹೊಟ್ಟೆ ಸ್ಕ್ಯಾನಿಂಗ್‌ಗೆ ಹೋದವರಿಗೆ ಗೊತ್ತಿರುತ್ತೆ, ರಿಸೆಪ್ಷನ್‌ನಲ್ಲಿ ಮೊದಲು ಹೇಳೋದೇ ನೀರು ಕುಡಿದು ಕೂತ್ಕೊಳ್ಳಿ ಅಂತ. ಒಂದು ಬಾಟಲಿ ಖಾಲಿ ಮಾಡಿ, ಕಾಲ ಮೇಲೆ ಕಾಲು ಹಾಕಿಕೊಂಡು, ನಮ್ಮ ಟೋಕನ್ ಯಾವಾಗ ಬರುತ್ತಪ್ಪಾ ಅಂತ ಕಾಯಬೇಕು. ಈ ಹಿಂಸೆ ಯಾರ ಐಡಿಯಾ ಅಂತ ಹುಡುಕಿದಾಗ ನಮಗೆ ಸಿಕ್ಕ ಹೆಸರು ಇಯಾನ್ ಡೊನಾಲ್ಡ್.

ಡೊನಾಲ್ಡ್ ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. ಅಪ್ಪ, ಅಜ್ಜ ಇಬ್ಬರೂ ಡಾಕ್ಟರ್. ಬಾಲ್ಯದ ಒಂದಷ್ಟು ವರ್ಷ ದಕ್ಷಿಣ ಆಫ್ರಿಕಾದಲ್ಲಿ ಕಳೆದು, ಲಂಡನ್ನಿನಲ್ಲಿ ವೈದ್ಯಕೀಯ ಓದಿದರು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ವೈದ್ಯರಾಗಿದ್ದಾಗ, ಬಾಂಬ್ ತುಂಬಿದ್ದ ವಿಮಾನಕ್ಕೆ ಬೆಂಕಿ ಬಿದ್ದರೂ ಒಳಗೆ ನುಗ್ಗಿ ಸೈನಿಕರನ್ನು ಹೊರಗೆ ತಂದರು. ರೇಡಾರ್ ಮತ್ತು ಸೋನಾರ್ ಪರಿಚಯ ಆಗಿದ್ದೂ ಅಲ್ಲೇ. ಅಲೆ ಕಳಿಸು, ತಿರುಗಿ ಬರೋ ಎಕೋ ಹಿಡಿ, ಬಂದ ಸಮಯದಿಂದ ದೂರ ಲೆಕ್ಕ ಹಾಕು. ಇಷ್ಟೇ ತತ್ವ.

1954ರಲ್ಲಿ ಅವರು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಪ್ರಸೂತಿ ವಿಭಾಗದ ಪ್ರೊಫೆಸರ್ ಆದರು. ಅವರ ಹತ್ತಿರ ಚಿಕಿತ್ಸೆ ಪಡೆದ ಮಹಿಳೆಯೊಬ್ಬರ ಗಂಡ ಬಾಯ್ಲರ್ ತಯಾರಿಸುವ ಬ್ಯಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿಯ ನಿರ್ದೇಶಕರು. ಆ ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಒಳಗಿನ ಬಿರುಕು ಹುಡುಕೋಕೆ ಅಲ್ಟ್ರಾಸೌಂಡ್ ಬಳಸ್ತಾ ಇದ್ದರು. ಕಬ್ಬಿಣದೊಳಗೆ ನೋಡೋಕಾದ್ರೆ ಹೊಟ್ಟೆಯೊಳಗೆ ಯಾಕಾಗಲ್ಲ? 1955ರ ಜುಲೈನಲ್ಲಿ ಡೊನಾಲ್ಡ್ ಆಪರೇಷನ್‌ನಲ್ಲಿ ತೆಗೆದ ಗಡ್ಡೆಗಳನ್ನು, ಸಿಸ್ಟ್‌ಗಳನ್ನು ಕಾರಲ್ಲಿ ಹಾಕ್ಕೊಂಡು ಫ್ಯಾಕ್ಟರಿಗೇ ಹೋದರು. ಹೋಲಿಸಿ ನೋಡೋಕೆ ಅಂತ ಅಲ್ಲಿ ಒಂದು ತುಂಡು ಮಾಂಸವನ್ನೂ ಇಟ್ಟಿದ್ದರು. ನಮ್ಮ ಲ್ಯಾಬ್ ಭಾಷೆಯಲ್ಲಿ ಅದು ಕಂಟ್ರೋಲ್. ನೀರು ತುಂಬಿದ ಸಿಸ್ಟ್‌ನ ಎಕೋ ಒಂದು ಥರ, ಗಟ್ಟಿ ಗಡ್ಡೆಯ ಎಕೋ ಇನ್ನೊಂದು ಥರ ಬಂತು.

ಇಲ್ಲಿಗೆ ನಮ್ಮವರ ಎಂಟ್ರಿ. ಕೆಲ್ವಿನ್ ಅಂಡ್ ಹ್ಯೂಸ್ ಕಂಪನಿಯ ಟಾಮ್ ಬ್ರೌನ್‌ಗೆ ಆಗ ಇಪ್ಪತ್ತು ದಾಟಿ ಮೂರ್ನಾಲ್ಕು ವರ್ಷ ಅಷ್ಟೇ. ಯಾರೋ ಪ್ರೊಫೆಸರ್ ತಮ್ಮ ಕಂಪನಿಯ ಮೆಷಿನ್ ಇಟ್ಟುಕೊಂಡು ಮನುಷ್ಯರ ಮೇಲೆ ಪ್ರಯೋಗ ಮಾಡ್ತಿದ್ದಾರೆ ಅಂತ ಕೇಳಿ, ತಾನೇ ಫೋನ್ ಮಾಡಿ ಹೋಗಿ ನೋಡಿದ. ಡೊನಾಲ್ಡ್ ಕೈಯಲ್ಲಿದ್ದ ಹಳೆ ಯಂತ್ರ ಚರ್ಮಕ್ಕೆ ಹತ್ತಿರದ ಎಕೋಗಳನ್ನು ತೋರಿಸ್ತಾನೇ ಇರಲಿಲ್ಲ. ಬ್ರೌನ್ ಒಳ್ಳೆಯ ಯಂತ್ರ ಹೊಂದಿಸಿಕೊಟ್ಟು, ಆಮೇಲೆ ಆಸ್ಪತ್ರೆಯ ಬೆಡ್ ಟೇಬಲ್ ಒಂದನ್ನೇ ಫ್ರೇಮ್ ಮಾಡಿಕೊಂಡು ಚಿತ್ರ ಮೂಡಿಸೋ ಸ್ಕ್ಯಾನರ್ ಕಟ್ಟಿದ.

ಆದರೂ ಜೊತೆಯ ಡಾಕ್ಟರುಗಳು ನಗ್ತಾ ಇದ್ದರು. ನಗು ನಿಂತಿದ್ದು ಒಬ್ಬ ಮಹಿಳೆಯಿಂದ. ಆಕೆಗೆ ಹೊಟ್ಟೆ ಊದಿತ್ತು, ತೂಕ ಇಳಿದಿತ್ತು. ಗುಣವಾಗದ ಹೊಟ್ಟೆ ಕ್ಯಾನ್ಸರ್, ಅದರಿಂದಲೇ ನೀರು ತುಂಬಿದೆ ಅಂತ ಹಿರಿಯ ಸರ್ಜನ್ ತೀರ್ಮಾನಿಸಿ ಆಗಿತ್ತು. ಡೊನಾಲ್ಡ್ ತಂಡ ಅಲ್ಟ್ರಾಸೌಂಡ್ ಇಟ್ಟು ನೋಡಿದಾಗ ಅದು ಹರಡಿದ ನೀರಲ್ಲ, ಅಂಚು ಇರೋ ದೊಡ್ಡ ಸಿಸ್ಟ್ ಅನ್ನಿಸಿತು. ಹೊಟ್ಟೆ ತೆರೆದು ನೋಡಿದರು. ಅಂಡಾಶಯದ ದೊಡ್ಡ ಸಿಸ್ಟ್! ತೆಗೆದು ಹಾಕಿದರು, ಆಕೆ ಬದುಕಿದರು. 1958ರಲ್ಲಿ ಡೊನಾಲ್ಡ್, ಮ್ಯಾಕ್‌ವಿಕಾರ್ ಮತ್ತು ಬ್ರೌನ್ ಸೇರಿ ಬರೆದ ಲೇಖನ ಲ್ಯಾನ್ಸೆಟ್‌ನಲ್ಲಿ ಬಂತು. ಮೂರನೇ ಹೆಸರು ಎಂಜಿನಿಯರ್‌ದು, ಗಮನಿಸಿ.

ನೀರು ಕುಡಿಸೋ ಕಥೆ 1963ರದ್ದು. ಕರುಳಲ್ಲಿರೋ ಗಾಳಿ ಶಬ್ದವನ್ನು ತಡೆಯುತ್ತೆ. ಆದರೆ ಬ್ಲಾಡರ್ ತುಂಬಿದ್ದರೆ ಕರುಳು ಪಕ್ಕಕ್ಕೆ ಸರಿಯುತ್ತೆ, ಮೂತ್ರದೊಳಗೆ ಶಬ್ದ ಸಲೀಸಾಗಿ ಸಾಗುತ್ತೆ. ಹಿಂದೆ ಇರೋ ಗರ್ಭಕೋಶ ಕಿಟಕಿಯಿಂದ ಕಂಡಂತೆ ಕಾಣುತ್ತೆ. ಡೊನಾಲ್ಡ್‌ಗೆ ಬ್ಲಾಡರ್ ಬರೀ ಕಿಟಕಿ. ಇವತ್ತು ಅದನ್ನೇ ಅಳೆಯುವ ಪುಟ್ಟ ಸ್ಕ್ಯಾನರ್ ನರ್ಸ್‌ಗಳ ಕೈಯಲ್ಲಿದೆ. ಆಪರೇಷನ್ ಆದಮೇಲೆ ಮೂತ್ರ ಕಟ್ಟಿದೆಯಾ ಅಂತ ನೋಡೋಕೆ ಪ್ರತಿ ಸಲ ಕ್ಯಾಥೆಟರ್ ಹಾಕಬೇಕಿಲ್ಲ. ಹಾಕಿದಷ್ಟೂ ಸೋಂಕಿನ ಭಯ.

ಆದರೆ ಅದು ತೋರಿಸೋ ಎಂಎಲ್ ಎಷ್ಟು ನಿಜ? ಸರಳ ವಿಧಾನದಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 0.52ರಿಂದ ಗುಣಿಸ್ತಾರೆ. ಅಂದರೆ ಬ್ಲಾಡರನ್ನು ಮೊಟ್ಟೆಯಾಕಾರ ಅಂದುಕೊಳ್ತಾರೆ. 10, 8, 8 ಸೆಂ.ಮೀ. ಆದರೆ ಸುಮಾರು 333 ಎಂಎಲ್. ಮೂರೂ ಅಳತೆ 10% ಜಾಸ್ತಿ ಬಂದರೆ 443! ತಪ್ಪು 10% ಅಲ್ಲ, 33%. ಹೊಸ ಯಂತ್ರಗಳು ಹಲವು ಕೋನಗಳಿಂದ ನೋಡಿ ಆಕಾರವನ್ನು ಲೆಕ್ಕ ಹಾಕುತ್ತವೆ, ನಿಜ. ಆದರೂ ಹಿಡಿದ ಕೈ ಸರಿದರೆ ಸಂಖ್ಯೆ ಬದಲಾಗುತ್ತೆ. ಅಷ್ಟೇ ಅಲ್ಲ, ಹೊಟ್ಟೆಯಲ್ಲಿ ತುಂಬಿದ ನೀರನ್ನೋ ಅಂಡಾಶಯದ ಸಿಸ್ಟನ್ನೋ ಬ್ಲಾಡರ್ ಅಂತ ಎಣಿಸಿಬಿಡಬಹುದು. ಡೊನಾಲ್ಡ್ ಬಿಡಿಸಿದ ಅದೇ ಗೊಂದಲ! ಅದಕ್ಕೇ ಇಂಥ ಯಂತ್ರ ಪರೀಕ್ಷಿಸುವಾಗ ಸ್ಕ್ಯಾನ್ ಆದ ತಕ್ಷಣ ಕ್ಯಾಥೆಟರ್‌ನಿಂದ ಮೂತ್ರ ತೆಗೆದು, ಅಳೆದು, ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕ ಬರೀತಾರೆ.

ಡೊನಾಲ್ಡ್ ಬದುಕಿಡೀ ಮಾಡಿದ್ದೂ ಇದನ್ನೇ. ಎಕೋ ಹೇಳಿದ್ದನ್ನು ಆಪರೇಷನ್ ಟೇಬಲ್ ಮೇಲೆ ತಾಳೆ ನೋಡಿದರು. ಗರ್ಭದಲ್ಲಿ ಅಳೆದ ಮಗುವಿನ ತಲೆಯನ್ನು ಹುಟ್ಟಿದ ಮೇಲೆ ಅವರ ತಂಡ ಮತ್ತೆ ಅಳೆಯಿತು. ಹೃದಯದ ಆಪರೇಷನ್ ಮೂರು ಸಲ ಆದರೂ ಕೆಲಸ ಬಿಡಲಿಲ್ಲ. 1976ರಲ್ಲಿ ನಿವೃತ್ತರಾಗಿ, 1987ರಲ್ಲಿ ತೀರಿಕೊಂಡರು.

ನಾವು? ಥಿಯರಿ ವ್ಯಾಲ್ಯೂ ನೋಡ್ಕೊಂಡು ಹಿಂದಿನಿಂದ ರೀಡಿಂಗ್ ತುಂಬಿಸ್ತೀವಿ, ರೆಕಾರ್ಡ್‌ಗೆ ಸಹಿ ಹಾಕಿಸ್ಕೊಳ್ತೀವಿ. ಸುಳ್ಳು ಹೇಳಲ್ಲ, ಹೋದ ವಾರವೂ ಮಾಡಿದ್ವಿ. ಆ ಮಹಿಳೆಯ ಟ್ರೇಸನ್ನು ಸರ್ಜನ್ ಹೇಳಿದ್ದಕ್ಕೆ ಹೊಂದಿಸಿ ಯಾರಾದರೂ ತಿದ್ದಿದ್ದರೆ ಏನಾಗ್ತಿತ್ತು ಅಂತ ಈಗ ಯೋಚನೆ ಬರ್ತಿದೆ. ಮುಂದಿನ ಲ್ಯಾಬ್‌ನಲ್ಲಿ ಬಂದ ರೀಡಿಂಗೇ ಬರೆಯೋಣ ಅಂತಿದೀವಿ. ಮಾರ್ಕ್ಸ್ ಹೋದರೆ ಹೋಗ್ಲಿ.