ಆರು ರುಚಿಯ ಲೆಕ್ಕ ಕೇಳಿದ ಮಹಾವೀರಾಚಾರ್ಯರು

ಈ ಸಲ ನಾನು ನಮ್ಮ ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯರ ಬಗ್ಗೆ ಬರೆಯುತ್ತಿದ್ದೇನೆ. ತೀರ್ಥಂಕರ ವರ್ಧಮಾನ ಮಹಾವೀರರೇ ಬೇರೆ, ಇವರೇ ಬೇರೆ.

ಇವರು ಕ್ರಿ.ಶ. 850ರ ಸುಮಾರಿಗೆ ಇದ್ದ ಜೈನ ಪಂಡಿತರು. ತಮ್ಮ ಗ್ರಂಥದ ಆರಂಭದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ. ಅದರಿಂದಲೇ ಇವರ ಕಾಲ ತಿಳಿಯುತ್ತದೆ. ಆ ರಾಜನ ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದು ಕಾಗಿಣಾ ನದಿಯ ದಂಡೆಯ ಮೇಲಿದೆ. ಕಾಗಿಣಾ ಭೀಮೆಗೆ ಕೂಡುತ್ತದೆ, ಭೀಮೆ ನಮ್ಮ ಕೃಷ್ಣೆಗೆ ಕೂಡುತ್ತದೆ. ಅಂದಮೇಲೆ ಆ ನಾಡು ನಮಗ ದೂರದ್ದೇನಲ್ಲ. 'ಕವಿರಾಜಮಾರ್ಗ' ಹುಟ್ಟಿದ್ದೂ ಅದೇ ರಾಜನ ಕಾಲದಾಗ.

ಇವರು ಬರೆದ ಗ್ರಂಥ 'ಗಣಿತಸಾರಸಂಗ್ರಹ'. ಅದು ಸಂಸ್ಕೃತ ಶ್ಲೋಕಗಳಲ್ಲಿದೆ, ಒಂಬತ್ತು ಅಧ್ಯಾಯಗಳಿವೆ. ಆಗ ಗಣಿತವನ್ನು ಹೆಚ್ಚಾಗಿ ಗ್ರಹ ನಕ್ಷತ್ರಗಳ ಶಾಸ್ತ್ರದ ಜೊತೆಗೇ ಬರೆಯುತ್ತಿದ್ದರು. ಇವರದು ಮಾತ್ರ ಬರೀ ಗಣಿತ. ಬಡ್ಡಿ, ಬಂಗಾರದ ಬೆರಕೆ, ಹೊಲದ ಅಳತೆ, ತೋಡಿದ ಗುಂಡಿಯ ಅಳತೆ ಎಲ್ಲಾ ಅದರಾಗ ಅವ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದೂ ತಿಳಿಸಿದ್ದಾರೆ. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದರು. ಅದು ತಪ್ಪು. ದೊಡ್ಡವರ ಲೆಕ್ಕವನ್ನೂ ನಾವು ಮಾಡಿ ನೋಡಬೇಕು ಅನ್ನುವುದಕ್ಕೆ ಇದೇ ಸಾಕ್ಷಿ.

ನನಗೆ ಬಹಳ ಹಿಡಿಸಿದ್ದು ರುಚಿಯ ಲೆಕ್ಕ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು ಎಂದು ಅವರು ಕೇಳುತ್ತಾರೆ. ಮೂರು ಮೂರು ಕೂಡಿಸುವುದಾದರೆ, 6ರಿಂದ ಹಿಂದಕ್ಕೆ ಮೂರು ಸಂಖ್ಯೆ ಗುಣಿಸಿರಿ: 6×5×4=120. 1ರಿಂದ ಮುಂದಕ್ಕೆ ಮೂರು ಸಂಖ್ಯೆ ಗುಣಿಸಿರಿ: 1×2×3=6. 120ನ್ನು 6ರಿಂದ ಭಾಗಿಸಿದರೆ 20. ಇಷ್ಟೇ ನೋಡ್ರಿ! ಎಷ್ಟು ವಸ್ತು ಇದ್ದರೂ ಈ ಸೂತ್ರ ನಡೆಯುತ್ತದೆ.

ಹೀಗೆ ಒಂದೊಂದು, ಎರಡೆರಡು ಎಂದು ಆರರ ತನಕ ಮಾಡಿದರೆ 6, 15, 20, 15, 6, 1 ಬರುತ್ತದೆ. ಒಟ್ಟು 63. ಯಾವ ರುಚಿಯೂ ಬೇಡ ಅನ್ನುವ ಒಂದನ್ನು ಮೊದಲಿಗೆ ಸೇರಿಸಿದರೆ 64. ಈಗ (ಅ+ಬ) ಯನ್ನು ಆರು ಸಲ ಗುಣಿಸಿ ವಿಸ್ತರಿಸಿರಿ. ಸಹಗುಣಕಗಳು 1, 6, 15, 20, 15, 6, 1 ಆಗುತ್ತವೆ. ಅವೇ ಸಂಖ್ಯೆ! ಯಾಕಂದ್ರ, ಒಂದೊಂದು ಆವರಣದಿಂದಲೂ ಅ ಅಥವಾ ಬ ಆರಿಸುತ್ತೇವೆ. ರುಚಿಯಲ್ಲೂ ಹಂಗ, ಒಂದೊಂದನ್ನೂ ಹಾಕುವುದು ಇಲ್ಲವೆ ಬಿಡುವುದು. ನಾವು ಬಾಯಿಪಾಠ ಮಾಡುವ ಸಹಗುಣಕಗಳ ಅರ್ಥ ಅಡಗಿರುವುದು ಇಲ್ಲೇ.

ಈ ಸಂಖ್ಯೆಗಳ ತ್ರಿಭುಜಕ್ಕೆ ಇಂದು ಫ್ರಾನ್ಸಿನ ಪಾಸ್ಕಲ್ (1623–1662) ಅವರ ಹೆಸರಿದೆ. ಮಹಾವೀರಾಚಾರ್ಯರು ಅವರಿಗಿಂತ ಸುಮಾರು ಎಂಟುನೂರು ವರ್ಷ ಹಿಂದಿನವರು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇವರ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಮದ್ರಾಸಿನಲ್ಲಿ ಅಚ್ಚು ಹಾಕಿಸಿದರು. ಗಣಿತ ಎಲ್ಲೋ ಹೊರಗಿಂದ ಬಂದದ್ದು, ನಮಗ ತಿಳಿಯೋದಲ್ಲ ಅನ್ನುವವರು ಇದನ್ನು ನೆನಪಿಡಬೇಕು.

ಈಗ ನಿಮಗೊಂದು ಪ್ರಶ್ನೆ. ವಜ್ರ, ನೀಲ, ಪಚ್ಚೆ, ಹವಳ, ಮುತ್ತು ಈ ಐದರಿಂದ ಎಷ್ಟು ಬಗೆಯ ಹಾರ ಆದೀತು ಎಂದೂ ಅವರು ಕೇಳಿದ್ದಾರೆ. ನಮ್ಮ ಮನೆಯಾಗ ವಜ್ರ ಎಲ್ಲಿಂದ ಬರಬೇಕು! ಅದಕ್ಕ ಹಿಂಗ ಮಾಡ್ರಿ: ರೊಟ್ಟಿ ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಝುಣಕ, ಮೊಸರು, ಉಳ್ಳಾಗಡ್ಡಿ ಐದೂ ಅವ. ಒಂದಾದರೂ ಹಚ್ಚಿಕೊಳ್ಳಲೇಬೇಕು. ಎಷ್ಟು ಬಗೆಯಲ್ಲಿ ಉಣ್ಣಬಹುದು? ಸೂತ್ರ ಮೇಲೆಯೇ ಇದೆ, ಮಾಡಿ ತೋರಿಸ್ರಿ.