ಶರಪಂಜರದ ಒಳಗೂ ಹೊರಗೂ: ತ್ರಿವೇಣಿಯವರ ಬದುಕು-ಬರಹ

1963ರ ಜುಲೈ 29ರಂದು ಮೈಸೂರಿನಲ್ಲಿ ಅನಸೂಯಾ ಶಂಕರ್ ನಿಧನರಾದರು. ಆಗ ಅವರಿಗೆ ಮೂವತ್ತೈದು ವರ್ಷ ತುಂಬಲು ಇನ್ನೂ ಒಂದು ತಿಂಗಳಿತ್ತು. ಹತ್ತು ದಿನಗಳ ಹಿಂದಷ್ಟೇ ಅವರು ಹೆಣ್ಣು ಮಗುವಿಗೆ ಜನ್ಮ ನೀಡಿದ್ದರು. ತ್ರಿವೇಣಿ ಎಂಬ ಹೆಸರಿನಲ್ಲಿ ಅವರು ಬರೆದ ಸುಮಾರು ಇಪ್ಪತ್ತು ಕಾದಂಬರಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು 'ಶರಪಂಜರ'. ಬಾಣಂತಿಯೊಬ್ಬಳ ಮನಸ್ಸು ಮುರಿದು, ಮತ್ತೆ ಕೂಡಿ, ಮತ್ತೆ ಮುರಿಯುವ ಕಥೆ ಅದು. ಲೇಖಕಿಯ ಬಾಳಿಗೂ ಬರಹಕ್ಕೂ ಗಂಟು ಹಾಕುವುದು ವಿಮರ್ಶೆಯಲ್ಲಿ ಅಪಾಯದ ಕೆಲಸವೆಂಬುದು ನಿಜ. ಆದರೂ ತ್ರಿವೇಣಿಯವರ ವಿಷಯದಲ್ಲಿ ಓದುಗರು ಈ ಎರಡನ್ನೂ ಬೇರೆಯಾಗಿ ನೆನೆಯುವುದು ಕಷ್ಟವಾಗಿದೆ. ಹೆರಿಗೆಯ ಕೋಣೆಯ ಕತ್ತಲನ್ನು ಕನ್ನಡ ಕಾದಂಬರಿಗೆ ಮೊದಲಬಾರಿಗೆ ಗಂಭೀರವಾಗಿ ತಂದವರು ಆ ಕೋಣೆಯಿಂದ ಹೆಚ್ಚು ದೂರ ನಡೆಯಲಾಗಲಿಲ್ಲ.

ತ್ರಿವೇಣಿ ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು, ಹಳೆಯ ಮೈಸೂರು ಸಂಸ್ಥಾನದ ವಿದ್ಯಾವಂತ ಬ್ರಾಹ್ಮಣ ಕುಟುಂಬದಲ್ಲಿ. ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರ ಮನೆತನ ಅದು. ವಾಣಿ ಮತ್ತು ಆರ್ಯಾಂಬ ಪಟ್ಟಾಭಿಯವರು ಕೂಡ ಅದೇ ಬಳಗಕ್ಕೆ ಸೇರಿದವರು. ಹೊಸಗನ್ನಡ ಕಾವ್ಯಕ್ಕೆ ದಾರಿ ತೋರಿದ ಹಿರಿಯರ ಮನೆಯಿಂದ ಮೂವರು ಕಾದಂಬರಿಕಾರ್ತಿಯರು ಬಂದರೆಂಬುದು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಇನ್ನೂ ಸಾಕಷ್ಟು ಗಮನಕ್ಕೆ ಬಾರದ ಸಂಗತಿ. ಶ್ರೀಯವರ ಶಿಷ್ಯಪರಂಪರೆಯನ್ನು ಕುರಿತು ಬರೆದಷ್ಟು ಪುಟಗಳಲ್ಲಿ ಹತ್ತನೆಯ ಒಂದು ಪಾಲನ್ನೂ ಅವರ ಮನೆಯ ಹೆಣ್ಣುಮಕ್ಕಳ ಬರಹಕ್ಕೆ ಯಾರೂ ಮೀಸಲಿಟ್ಟಿಲ್ಲ.

ಮನೆಯ ವಾತಾವರಣದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಅವರನ್ನು ರೂಪಿಸಿದ್ದು ಮನಶ್ಶಾಸ್ತ್ರದ ಅಧ್ಯಯನ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಕಟ್ಟಿ ಬೆಳೆಸಿದ ಈ ಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಂಡು ಅನಸೂಯಾ ಬಿ.ಎ. ಪದವಿ ಪಡೆದರು. ಆ ದಿನಗಳಲ್ಲಿ ಹೆಣ್ಣುಮಕ್ಕಳು ಪದವಿ ಪಡೆಯುವುದೇ ವಿಶೇಷವಾಗಿತ್ತು. ಪಡೆದುದನ್ನು ಮದುವೆಯ ನಂತರವೂ ಬಳಸುವುದು ಇನ್ನೂ ವಿಶೇಷ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಎಸ್.ಎನ್. ಶಂಕರ್ ಅವರನ್ನು ವಿವಾಹವಾಗಿ ಮೈಸೂರಿನಲ್ಲೇ ನೆಲೆಸಿದ ಅನಸೂಯಾ, ಪಾಠ ಕಲಿತ ಶಾಸ್ತ್ರವನ್ನು ಪಾಠ ಹೇಳುವುದಕ್ಕೆ ಬಳಸದೆ ಕಥೆ ಹೇಳುವುದಕ್ಕೆ ಬಳಸಿದರು. ದಮನಗೊಂಡ ನೆನಪು, ಬಾಲ್ಯದಲ್ಲಿ ನೆಟ್ಟ ಭಯ, ಅಪರಾಧಪ್ರಜ್ಞೆ ಇವೆಲ್ಲ ಆಗ ಇಂಗ್ಲಿಷ್ ಪಠ್ಯಗಳಲ್ಲಿ ಮಾತ್ರ ಇದ್ದ ಮಾತುಗಳು. ಅವು ಒಗ್ಗರಣೆಯ ವಾಸನೆಯಿರುವ ಅಡಿಗೆಮನೆಗಳಿಗೆ, ತೊಟ್ಟಿಲು ತೂಗುವ ನಡುಮನೆಗಳಿಗೆ ಇಳಿದು ಬಂದುದು ತ್ರಿವೇಣಿಯವರಿಂದ.

ಅವರ ಪ್ರಕಟಿತ ಬರವಣಿಗೆಯ ಅವಧಿ ಸುಮಾರು ಹತ್ತು ವರ್ಷ, ಅಷ್ಟೆ. 1950ರ ದಶಕದ ಆರಂಭದಲ್ಲಿ ಮೊದಲಾದ ಕೃಷಿ 1963ಕ್ಕೆ ನಿಂತಿತು. 'ಹೂವು ಹಣ್ಣು', 'ಅಪಸ್ವರ', 'ಅಪಜಯ', 'ಬೆಕ್ಕಿನ ಕಣ್ಣು', 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ದೂರದ ಬೆಟ್ಟ', 'ಕೀಲುಗೊಂಬೆ', 'ಮುಚ್ಚಿದ ಬಾಗಿಲು', 'ಕಂಕಣ', 'ಕಾಶೀಯಾತ್ರೆ', 'ಸೋತು ಗೆದ್ದವಳು' ಹೀಗೆ ಕಾದಂಬರಿಗಳು ಒಂದರ ಹಿಂದೊಂದು ಬಂದವು. ಮೂರು ಕಥಾಸಂಕಲನಗಳೂ ಇವೆ. 'ಅವಳ ಮನೆ'ಗೆ ರಾಜ್ಯದ ಪ್ರಶಸ್ತಿ ದೊರಕಿತು. ಈ ಹೆಸರುಗಳನ್ನೇ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಮುಚ್ಚಿದ ಬಾಗಿಲು, ಕೀಲುಗೊಂಬೆ, ಕಂಕಣ, ಶರಪಂಜರ: ಇವೆಲ್ಲ ಹಿಡಿದಿಟ್ಟ, ಕಟ್ಟಿಹಾಕಿದ, ಕೀಲು ತಿರುಗಿಸಿದಂತೆ ಆಡಬೇಕಾದ ಸ್ಥಿತಿಗಳ ಹೆಸರುಗಳು. ಇವುಗಳ ಪಕ್ಕದಲ್ಲಿಯೇ 'ಮುಕ್ತಿ' ಎಂಬ ಹೆಸರಿನ ಕಾದಂಬರಿಯೂ ಇದೆ. ಕನ್ನಡ ವಿಮರ್ಶೆಯಲ್ಲಿ 'ಮುಕ್ತಿ' ಎಂದೊಡನೆ ನೆನಪಾಗುವುದು 1961ರಲ್ಲಿ ಬಂದ ಶಾಂತಿನಾಥ ದೇಸಾಯಿಯವರ ಕೃತಿ. ಅದೇ ಹೆಸರಿನಲ್ಲಿ ಮೈಸೂರಿನ ಗೃಹಿಣಿಯೊಬ್ಬರು ಬರೆದುದು ಹೆಚ್ಚಿನ ಪಠ್ಯಸೂಚಿಗಳಲ್ಲಿ ಕಾಣುವುದಿಲ್ಲ. ನವ್ಯದ ನಾಯಕನಿಗೆ ಬಂಧನವೆಂಬುದು ಅಸ್ತಿತ್ವದ ಪ್ರಶ್ನೆ. ತ್ರಿವೇಣಿಯವರ ನಾಯಕಿಗೆ ಅದು ಸಂಜೆ ಯಾರಿಗೆ ಕಾಫಿ ಕೊಡಬೇಕು, ಯಾರೆದುರು ನಗಬಾರದು ಎಂಬ ಪ್ರಶ್ನೆ. ಎರಡನೆಯದು ಚಿಕ್ಕದೆಂದು ಭಾವಿಸಿದ್ದು ನಮ್ಮ ವಿಮರ್ಶೆಯ ದೋಷವೇ ಹೊರತು ಕಾದಂಬರಿಯದಲ್ಲ.

ಕನ್ನಡದಲ್ಲಿ ಈ ಪ್ರಶ್ನೆಗೆ ಪೂರ್ವಪೀಠಿಕೆ ಇಲ್ಲದಿಲ್ಲ. ಬಾಲ್ಯದಲ್ಲೇ ವೈಧವ್ಯಕ್ಕೆ ಒಳಗಾದ ನಂಜನಗೂಡು ತಿರುಮಲಾಂಬ ಕಾದಂಬರಿ ಬರೆದುದಲ್ಲದೆ ಸ್ವತಃ ಪ್ರಕಾಶನ ನಡೆಸಿದರು. 1939ರಲ್ಲಿ ಅಕಾಲ ಮರಣಕ್ಕೆ ತುತ್ತಾದ ಕೊಡಗಿನ ಗೌರಮ್ಮ ತಮ್ಮ ಸಣ್ಣಕಥೆಗಳಲ್ಲಿ ವಿಧವೆಯ ಒಂಟಿತನವನ್ನು ಅನುಕಂಪವನ್ನು ಮೀರಿದ ನಿಷ್ಠುರತೆಯಿಂದ ಚಿತ್ರಿಸಿದರು. ತ್ರಿವೇಣಿಯವರ ಭಿನ್ನತೆ ಇರುವುದು ಬಂಧನದ ಸ್ಥಳವನ್ನು ಗುರುತಿಸಿದ ರೀತಿಯಲ್ಲಿ. ಹಿಂದಿನವರಿಗೆ ಅದು ಶಾಸ್ತ್ರದಲ್ಲಿ, ರೂಢಿಯಲ್ಲಿ, ಕೇಶಮುಂಡನದಲ್ಲಿ ಇತ್ತು. ತ್ರಿವೇಣಿಯವರಿಗೆ ಅದು ಮನಸ್ಸಿನೊಳಗೂ ಇತ್ತು. 'ಹಣ್ಣೆಲೆ ಚಿಗುರಿದಾಗ'ದ ತರುಣ ವಿಧವೆ ಮಾಲತಿಯ ಎದುರು ನಿಲ್ಲುವುದು ತಂದೆಯ ಸಂಪ್ರದಾಯ ಮಾತ್ರವಲ್ಲ, ಆ ತಂದೆಯ ಮೇಲಿನ ಪ್ರೀತಿ ಕೂಡ. 'ಬೆಕ್ಕಿನ ಕಣ್ಣು' ಕೃತಿಯಲ್ಲಿ ಮಲತಾಯಿಯ ನೋಟವೇ ಹುಡುಗಿಯೊಬ್ಬಳಿಗೆ ಸೆರೆಮನೆ. ಮಗಳನ್ನು ಬೆಳೆಸಲು ತಾಯಿ ತನ್ನ ದೇಹವನ್ನೇ ಮಾರಬೇಕಾಗಿ ಬಂದ 'ಹೂವು ಹಣ್ಣು' ಕಾದಂಬರಿಯಲ್ಲಿ ಒಬ್ಬಳ ಬಂಧನವೇ ಇನ್ನೊಬ್ಬಳ ಬಿಡುಗಡೆಗೆ ತೆತ್ತ ಬೆಲೆ.

'ಬೆಳ್ಳಿಮೋಡ'ದ ಇಂದಿರೆಯ ಕಥೆ ಇವೆಲ್ಲಕ್ಕಿಂತ ಸರಳವಾಗಿ ಕಾಣುತ್ತದೆ, ಆದರೆ ಸರಳವಲ್ಲ. ಶ್ರೀಮಂತ ತಂದೆಯ ಒಬ್ಬಳೇ ಮಗಳೆಂದು ಮೋಹನ ಅವಳನ್ನು ಒಪ್ಪುತ್ತಾನೆ; ತಂದೆಯ ಹಣದಲ್ಲಿ ವಿದೇಶಕ್ಕೆ ಹೋಗುತ್ತಾನೆ. ಅಷ್ಟರಲ್ಲಿ ತಾಯಿ ಗಂಡು ಮಗುವನ್ನು ಹೆತ್ತು ತೀರಿಕೊಳ್ಳುತ್ತಾಳೆ. ಆಸ್ತಿಯ ವಾರಸುದಾರಿಕೆ ಕೈತಪ್ಪಿದ ಹುಡುಗಿಯನ್ನು ಮೋಹನ ನಿರಾಕರಿಸುತ್ತಾನೆ. ಮುಂದೆ ಗಾಯಗೊಂಡು ಅದೇ ಮನೆಯಲ್ಲಿ ಮಲಗಿದ ಅವನನ್ನು ಇಂದಿರೆ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ತಿರುಗುತ್ತದೆ; ಅವಳದು ತಿರುಗುವುದಿಲ್ಲ. ಐವತ್ತು-ಅರವತ್ತರ ದಶಕಗಳ ಜನಪ್ರಿಯ ಕಾದಂಬರಿಯ ಲೆಕ್ಕದಲ್ಲಿ ಶುಶ್ರೂಷೆಯ ನಂತರ ಮದುವೆಯಾಗಬೇಕು. ತ್ರಿವೇಣಿ ಆ ಲೆಕ್ಕವನ್ನು ತಪ್ಪಿಸಿದರು. ಕ್ಷಮಿಸುವುದು ಬೇರೆ, ಒಪ್ಪುವುದು ಬೇರೆ ಎಂಬುದನ್ನು ಹೆಣ್ಣೊಬ್ಬಳು ಸದ್ದಿಲ್ಲದೆ ತೋರಿಸಿದಳು. ಇಂದಿರೆಗೆ ದೊರೆತ ಸ್ವಾತಂತ್ರ್ಯ ಅಷ್ಟು ಮಾತ್ರ: ಬೇಡವೆನ್ನುವ ಸ್ವಾತಂತ್ರ್ಯ. ಅದರಾಚೆಗಿನ ಬದುಕು ಹೇಗಿರಬಹುದೆಂಬುದನ್ನು ಕಾದಂಬರಿ ಹೇಳುವುದಿಲ್ಲ.

'ಶರಪಂಜರ'ದ ಕಾವೇರಿಗೆ ಆ ಮಾತನ್ನಾಡುವ ಅವಕಾಶವೂ ಇಲ್ಲ. ಪ್ರೀತಿಸುವ ಗಂಡ, ಮಗು, ಅನುಕೂಲವಾದ ಮನೆ ಎಲ್ಲವೂ ಇರುವ ಹೆಣ್ಣು ಅವಳು. ಎರಡನೆಯ ಹೆರಿಗೆಯ ನಂತರ, ಮದುವೆಗೆ ಮುಂಚಿನ ದಿನಗಳ ಬಚ್ಚಿಟ್ಟ ಘಟನೆಯೊಂದು ಬುದ್ಧಿಯ ಹಿಡಿತವನ್ನು ಮೀರಿ ಹೊರಬೀಳುತ್ತದೆ. ಕಾವೇರಿ ಮಾನಸಿಕ ಆಸ್ಪತ್ರೆ ಸೇರುತ್ತಾಳೆ. ಚಿಕಿತ್ಸೆಯಿಂದ ಗುಣವೂ ಆಗುತ್ತಾಳೆ. ಸಾಮಾನ್ಯ ಲೇಖಕರು ಇಲ್ಲಿ ಕಥೆ ಮುಗಿಸುತ್ತಿದ್ದರು. ತ್ರಿವೇಣಿಯವರ ಕಥೆಯ ತಿರುಳು ಇರುವುದು ಇಲ್ಲಿಂದ ಮುಂದೆ. ಮನೆಗೆ ಬಂದ ಕಾವೇರಿಯನ್ನು ಯಾರೂ ಹೊಡೆಯುವುದಿಲ್ಲ, ಕೋಣೆಯಲ್ಲಿ ಕೂಡಿಹಾಕುವುದಿಲ್ಲ. ನಕ್ಕರೆ ಒಂದು ಅನುಮಾನ, ಅತ್ತರೆ ಒಂದು ಅನುಮಾನ, ಸುಮ್ಮನಿದ್ದರೆ ಇನ್ನೊಂದು. ಸ್ವಸ್ಥ ಮನುಷ್ಯನಿಗೆ ಇರುವ ಸಿಟ್ಟಿನ ಹಕ್ಕನ್ನು ಕಳೆದುಕೊಂಡವಳು ಅವಳು. ಗಂಡ ಸತೀಶನ ಪ್ರೀತಿ ಬೇರೊಂದು ಹೆಣ್ಣಿನತ್ತ ಹೊರಳಿರುವುದನ್ನು ಅವಳು ಸರಿಯಾಗಿಯೇ ಕಾಣುತ್ತಾಳೆ. ಆದರೆ ಹುಚ್ಚಿಯೆಂದು ಹೆಸರಾದವಳು ಕಂಡದ್ದು ಸಾಕ್ಷಿಯಾಗುವುದಿಲ್ಲ. ಕೊನೆಗೆ ಅವಳು ಮತ್ತೆ ಅದೇ ಆಸ್ಪತ್ರೆಗೆ ಮರಳುತ್ತಾಳೆ. ಮೊದಲ ಬಾರಿ ರೋಗ ಅವಳನ್ನು ಅಲ್ಲಿಗೆ ಕಳಿಸಿತ್ತು, ಎರಡನೆಯ ಬಾರಿ ಸಂಸಾರ ಕಳಿಸಿತು. ಯಾವುದು ಮನೆ, ಯಾವುದು ಸೆರೆ ಎಂಬುದು ಅಲ್ಲಿಗೆ ತಲೆಕೆಳಗಾಗುತ್ತದೆ.

ಕಾದಂಬರಿಯ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ಶರಪಂಜರವೆಂಬುದು ಕಬ್ಬಿಣದ ಪಂಜರವಲ್ಲ, ಬಾಣಗಳ ಪಂಜರ. ಭಾಗವತದ ದಶಮಸ್ಕಂಧದಲ್ಲಿ ಒಂದು ಕಥೆಯಿದೆ. ಹುಟ್ಟಿದ ಮಕ್ಕಳನ್ನೆಲ್ಲ ಕಳೆದುಕೊಳ್ಳುತ್ತಿದ್ದ ದ್ವಾರಕೆಯ ಬ್ರಾಹ್ಮಣನೊಬ್ಬನಿಗೆ ಅರ್ಜುನ ರಕ್ಷಣೆಯ ಮಾತು ಕೊಟ್ಟು, ಪ್ರಸೂತಿಗೃಹದ ಸುತ್ತ, ಮೇಲೆ, ಕೆಳಗೆ ಬಾಣಗಳನ್ನು ಹೂಡಿ ಶರಪಂಜರವನ್ನು ನಿರ್ಮಿಸುತ್ತಾನೆ. ಆದರೂ ಮಗು ಕಣ್ಮರೆಯಾಗುತ್ತದೆ. ಪುರಾಣ ಬಲ್ಲ ಓದುಗನಿಗೆ ಈ ಪದ ಬಾಣಂತಿಯ ಕೋಣೆಯನ್ನೇ ನೆನಪಿಗೆ ತರುತ್ತದೆ. ರಕ್ಷಣೆಗೆಂದು ಕಟ್ಟಿದ ಪಂಜರ ಅದು. ಒಳಗಿರುವವರಿಗೆ ಮಾತ್ರ ಎಲ್ಲ ಕಡೆಯಿಂದಲೂ ಅಲಗುಗಳೇ ಕಾಣುತ್ತವೆ. ಮಧ್ಯಮವರ್ಗದ ಸಂಸಾರವನ್ನು ಕುರಿತು ಇದಕ್ಕಿಂತ ನಿಖರವಾದ ರೂಪಕವನ್ನು ಆ ಕಾಲದ ಯಾವ ಕಾದಂಬರಿಯೂ ಕೊಟ್ಟಿಲ್ಲ.

ಈ ಕೃತಿ ಹುಟ್ಟಿದ ಕಾಲವನ್ನು ಗಮನಿಸಬೇಕು. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದುದು 1954ರಲ್ಲಿ. ಅದು ನಿಮ್ಹಾನ್ಸ್ ಆದುದು 1974ರಲ್ಲಿ. ಚಿಕಿತ್ಸೆಯ ಬಾಗಿಲು ತೆರೆದಿತ್ತು, ಮನೆಯ ಬಾಗಿಲು ತೆರೆದಿರಲಿಲ್ಲ. ಹುಚ್ಚು ದೆವ್ವದ ಕಾಟವೆಂದೋ ಪೂರ್ವಜನ್ಮದ ಕರ್ಮವೆಂದೋ ನಂಬಿದ್ದ ಜನರ ನಡುವೆ, ಅದು ಬಂದು ಹೋಗುವ ರೋಗ, ಜ್ವರದಂತೆ, ಎಂದು ಕಥೆಯ ಮೂಲಕ ತಿಳಿಸಿದ್ದು ಸಣ್ಣ ಸಾಧನೆಯಲ್ಲ. ತ್ರಿವೇಣಿಯವರನ್ನು ಬಾಡಿಗೆ ಪುಸ್ತಕಾಲಯದಿಂದ ತಂದು ಮಧ್ಯಾಹ್ನದ ಬಿಡುವಿನಲ್ಲಿ ಓದಿದ ಸಾವಿರಾರು ಹೆಂಗಸರಿಗೆ ಮನಶ್ಶಾಸ್ತ್ರದ ಮೊದಲ ಪಾಠ ದೊರೆತುದು ಇಲ್ಲಿಯೇ.

ಅವರ ಮಿತಿಗಳನ್ನು ಮರೆಮಾಚಬೇಕಾಗಿಲ್ಲ. ಹತ್ತು ವರ್ಷಗಳಲ್ಲಿ ಇಪ್ಪತ್ತು ಕಾದಂಬರಿ ಬರೆದವರಲ್ಲಿ ಕೆಲವು ಅವಸರದವು ಆಗಿಯೇ ಆಗುತ್ತವೆ. ಸನ್ನಿವೇಶವೇ ಸೂಚಿಸಬಹುದಾದುದನ್ನು ಕೆಲವೊಮ್ಮೆ ವೈದ್ಯರ ಬಾಯಿಂದ ವಿವರಿಸಿಬಿಡುತ್ತಾರೆ. ಪಾತ್ರ ರೋಗನಿದಾನದ ಉದಾಹರಣೆಯಾಗಿ ಕೃಶವಾಗುತ್ತದೆ. ಅವರ ಲೋಕ ಹಳೆ ಮೈಸೂರಿನ ಮೇಲ್ಜಾತಿಯ ಮಧ್ಯಮವರ್ಗದ್ದು. ಅದರ ಹಿತ್ತಿಲಾಚೆಗೆ ದುಡಿಯುವ ಹೆಣ್ಣಿನ ಬಂಧನ ಅವರ ದೃಷ್ಟಿಗೆ ಅಷ್ಟಾಗಿ ಬರಲಿಲ್ಲ. ಆದರೆ ನವ್ಯರು ಅವರನ್ನು ಜನಪ್ರಿಯವೆಂಬ ಒಂದೇ ಪದದಿಂದ ಬದಿಗೆ ಸರಿಸಿದಾಗ ಅಳೆದುದು ಈ ಮಿತಿಗಳನ್ನಲ್ಲ, ಓದುಗಿಯರ ಸಂಖ್ಯೆಯನ್ನು. ಎಂಬತ್ತರ ದಶಕದ ನಂತರ ಸ್ತ್ರೀವಾದಿ ಓದು ಬಂದ ಮೇಲೆ ಈ ಲೆಕ್ಕ ಕೊಂಚ ಬದಲಾಗಿದೆ.

ಓದುಗರಾಚೆಗೆ ಅವರ ಹೆಸರನ್ನು ಒಯ್ದುದು ಚಲನಚಿತ್ರ. ಪುಟ್ಟಣ್ಣ ಕಣಗಾಲ್ 'ಬೆಕ್ಕಿನ ಕಣ್ಣು' ಕಾದಂಬರಿಯನ್ನು 1966ರಲ್ಲಿ ಮಲಯಾಳದಲ್ಲಿ 'ಪೂಚ್ಚಕ್ಕಣ್ಣಿ' ಎಂದು ತೆರೆಗೆ ತಂದರು. 1967ರಲ್ಲಿ 'ಬೆಳ್ಳಿಮೋಡ', 1971ರಲ್ಲಿ 'ಶರಪಂಜರ' ಬಂದವು. ಎರಡರಲ್ಲೂ ನಾಯಕಿ ಕಲ್ಪನಾ. 'ಶರಪಂಜರ'ವೇ 1974ರಲ್ಲಿ ತೆಲುಗಿನಲ್ಲಿ 'ಕೃಷ್ಣವೇಣಿ' ಆಯಿತು. ಹೀಗೆ ಕನ್ನಡ ಓದಲಾರದವರಿಗೂ ಕಾವೇರಿಯ ಕಥೆ ಬೇರೊಂದು ನದಿಯ ಹೆಸರಿನಲ್ಲಿ ತಲುಪಿತು. ಇವು ಯಾವುವನ್ನೂ ನೋಡಲು ತ್ರಿವೇಣಿ ಇರಲಿಲ್ಲ. ಎಂ.ಕೆ. ಇಂದಿರಾ ಅವರ 'ತುಂಗಭದ್ರಾ' ಪ್ರಕಟವಾದುದು ಇವರು ತೀರಿಕೊಂಡ 1963ರಲ್ಲಿಯೇ. ಬರಹದ ಮೇಜು ಒಬ್ಬರಿಂದ ಇನ್ನೊಬ್ಬರಿಗೆ ಬಂದಂತಾಯಿತು.

ಕೊನೆಯ ದಿನಗಳಲ್ಲಿ ಅವರ ಕೈಯಲ್ಲಿ ಒಂದು ಕಾದಂಬರಿಯಿತ್ತು, ಮುಗಿದಿರಲಿಲ್ಲ. ಅದರ ಹೆಸರು 'ಅವಳ ಮಗಳು'. ಮುಂದೆ ಅದನ್ನು ಎಂ.ಸಿ. ಪದ್ಮಾ ಪೂರ್ಣಗೊಳಿಸಿದರು.