ಹಸಿವನ್ನು ಮರೆಯದ ತಾಯಿ ರಮಾಬಾಯಿ

ಪ್ರಿಯರೇ, 1905ರ ಮುಕ್ತಿ ಉಜ್ಜೀವನದ ಬಗ್ಗೆ ನೀವು ಕೇಳಿರ್ತೀರಿ. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಪವಿತ್ರಾತ್ಮನ ಅಗ್ನಿ ಇಳಿಯಿತು ಅಂತ ನಾನೂ ಎಷ್ಟೋ ಸಲ ಸಾರಿದ್ದೀನಿ. ಆದರೆ ಅದಕ್ಕೆ ಮೊದಲು ಅಲ್ಲಿ ಏನು ನಡೀತಿತ್ತು ಅಂತ ಯೋಚಿಸಿರಲಿಲ್ಲ. ಅಲ್ಲಿ ಹಸಿದು ಬಂದ ಹೆಣ್ಣುಮಕ್ಕಳಿಗೆ ಊಟ ಹಾಕ್ತಿದ್ದರು.

ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಹೆಂಗಸರು ಸಂಸ್ಕೃತ ಓದಬಾರದು ಅನ್ನುವ ಕಾಲ ಅದು. ತಂದೆ ಅನಂತ ಶಾಸ್ತ್ರಿಗಳು ಹೆಂಡತಿಗೆ ಕಲಿಸಿದರು, ಆ ತಾಯಿ ಮಗಳಿಗೆ ಕಲಿಸಿದರು. 1870ರ ದಶಕದಲ್ಲಿ ಬರ ಬಂತು. ಎಲೆ, ಕಾಡುಹಣ್ಣು ತಿಂದು ದಿನ ತಳ್ಳಿದರು. ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಹೋದರು. ಉಳಿದ ಅಣ್ಣನ ಜೊತೆ ನಡೆದು ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಪಂಡಿತಾ ಅಂತ ಬಿರುದು ಕೊಟ್ಟರು. ಆಮೇಲೆ ಅಣ್ಣನೂ ಹೋದ, ಮದುವೆಯಾದ ಎರಡೇ ವರ್ಷಕ್ಕೆ ಗಂಡನೂ ಹೋದರು. ಕೈಯಲ್ಲಿ ಉಳಿದದ್ದು ಹಸುಗೂಸು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಸಮಾಜ ಬೀದಿಗೆ ತಳ್ಳಿದ ಹೆಂಗಸರನ್ನು ಕ್ರೈಸ್ತ ಸಹೋದರಿಯರು ಸ್ವಂತ ತಂಗಿಯರ ಹಾಗೆ ನೋಡಿಕೊಳ್ಳುವುದನ್ನು ಅಲ್ಲಿ ಕಂಡರು. ಇದು ಹೇಗೆ ಸಾಧ್ಯ ಅಂತ ಕೇಳಿದಾಗ, ಯೇಸು ಸಮಾರ್ಯದ ಸ್ತ್ರೀಯ ಜೊತೆ ಮಾತಾಡಿದ ಸಂಗತಿ ಹೇಳಿದರು. ಗಮನಿಸಿ ಪ್ರಿಯರೇ, ಮೊದಲು ಪ್ರೀತಿಯನ್ನು ಕಣ್ಣಾರೆ ಕಂಡರು, ಆಮೇಲೆ ವಾಕ್ಯ ಕೇಳಿದರು. ಅದೇ ವರ್ಷ ದೀಕ್ಷಾಸ್ನಾನ ತೆಗೆದುಕೊಂಡರು.

1889ರಲ್ಲಿ ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896-97ರಲ್ಲಿ ಮಧ್ಯ ಭಾರತಕ್ಕೆ ಬರ ಬಡಿದಾಗ ತಾವೇ ಹೊರಟುಹೋದರು. ಆ ಹುಡುಗಿಯರ ಮುಖದಲ್ಲಿ ತಾವು ಅನುಭವಿಸಿದ ಹಸಿವನ್ನೇ ಕಂಡಿರಬೇಕು. ನೂರಾರು ಮಕ್ಕಳನ್ನು ಕರೆತಂದು ಕೇಡಗಾಂವ್‌ನಲ್ಲಿ ನೆಲೆ ಕೊಟ್ಟರು. ಊಟ ಕೊಟ್ಟು ಬಿಡಲಿಲ್ಲ. ಓದು, ನೇಯ್ಗೆ, ಅಚ್ಚುಕೆಲಸ ಕಲಿಸಿದರು, ಕುರುಡರಿಗೆ ಬ್ರೈಲ್ ಕಲಿಸುವ ವ್ಯವಸ್ಥೆ ಮಾಡಿದರು. ಸತ್ಯವೇದವನ್ನು ಸರಳ ಮರಾಠಿಗೆ ತಂದರು. 1921ರಲ್ಲಿ ಮಗಳನ್ನು ಕಳೆದುಕೊಂಡರು. ಮರುವರ್ಷ ಏಪ್ರಿಲ್ 5ರಂದು ತಾವೂ ಕರ್ತನ ಬಳಿಗೆ ಹೋದರು.

ಈಗ ನನ್ನ ವಿಷಯ ಹೇಳ್ತೀನಿ. ನಾವು ಆರಾಧನೆ ಮಾಡುವ ಹಾಲ್ ಗುಡಿಸುವ ಅಕ್ಕನ ಹೆಸರು ಎರಡು ವರ್ಷ ನನಗೆ ಗೊತ್ತಿರಲಿಲ್ಲ. ಬಡವರಿಗಾಗಿ ಕಣ್ಣೀರಿಟ್ಟು ಪ್ರಾರ್ಥನೆ ಮಾಡಿ, ಅವರ ಪಕ್ಕದಲ್ಲೇ ಹಾದು ಹೋಗ್ತಿದ್ದೆ. ಈ ತಾಯಿಯ ಜೀವನ ಓದಿದ ಮೇಲೆ ನಾಚಿಕೆ ಆಯ್ತು. ಹೋಗಿ ಮಾತಾಡಿಸಿದೆ. ಅವರ ಮಗ ಒಂದು ತಿಂಗಳಿಂದ ಮಲಗಿದ್ದಾನೆ ಅಂತ ಆಗಲೇ ಗೊತ್ತಾಗಿದ್ದು.

ನಾವು ಅಗ್ನಿ ಕೇಳ್ತೀವಿ, ಒಳ್ಳೇದೇ. ಆದರೆ ನಿಮ್ಮ ಪಿಜಿಯಲ್ಲಿ ಅಡುಗೆ ಮಾಡೋ ಅಮ್ಮ, ಗೇಟಿನ ವಾಚ್‌ಮನ್ ಅಣ್ಣ, ಮಳೆಯಲ್ಲಿ ನೆನೆದು ಊಟ ತರೋ ಹುಡುಗ, ಇವರಲ್ಲಿ ಒಬ್ಬರ ಹೆಸರನ್ನಾದರೂ ಈ ವಾರ ಕೇಳಿ. ಊಟ ಆಯ್ತಾ ಅಂತ ಕೇಳಿ. ಇಲ್ಲ ಅಂದರೆ ಪ್ರಾರ್ಥನೆಗೆ ಮೊದಲು ಊಟ ಕೊಡಿಸಿ. ಆ ಕನಿಕರವನ್ನು ಕರ್ತನು ನಮಗೆ ಕೊಡಲಿ. ಆಮೆನ್.